ಯರಗುಪ್ಪಿಯಾಕಿ ಹೆಸರು

ಸಾಲಿ ಅಲಮಾರಿ ಬಾಗಲಾ ತಗದ ಕೂಡ್ಲೇ ಮೂಗಿಗೆ ಬಡದದ್ದು ಬೇವಿನ ವಾಸನಿ. ಒಣಗಿ ಪುಡಿಪುಡಿ ಆಗಿ, ಧೂಳಿನ ಜೋಡಿ ಕಲತು ಹೋಗಿದ್ದ ಬೇವಿನ ತಪ್ಪಲ. ಈಗಿನ ಹೆಡ್ ಮೇಡಮ್ಮರು ಮೂಗಿಗೆ ಸೆರಗು ಹಿಡಕೊಂಡು, "ಇದ್ಯಾರ್ರೀ ರಜಿಸ್ಟರದಾಗ ಕಸಾ ತುಂಬ್ಯಾರ?" ಅಂದ್ರು. ಕಸಾ ಅಲ್ರೀ ಮೇಡಮ್ಮರ, ಹುಳಾ ಹತ್ತಬಾರದಂತ ನಮ್ಮ ಮಾಸ್ತರು ಇಟ್ಟದ್ದು ಅನ್ನಬೇಕಂತಿದ್ದೆ. ಒಂದು ಎಲಿ ಬೆರಳಾಗ ಹಿಡದೆ, ಅಲ್ಲೇ ಪುಡಿ ಆಗಿ ಉದರಿತು…

ನಮ್ಮ ಮಾಸ್ತರು ಸಂಶಿಯವರು. ಮುಸಲರ ಮನಿತನ. ಮನ್ಯಾಗ ಉರ್ದು, ಸಾಲ್ಯಾಗ ಕನ್ನಡ. ದಿನಾ ಸೈಕಲ್ ತುಳಕೊಂತ ನಮ್ಮೂರಿಗೆ ಬರ್ತಿದ್ರು. ಅವರ ಅಕ್ಷರ ಜ್ವಾಳದ ತೆನಿಯೊಳಗಿನ ಕಾಳಿನಂಗ, ದುಂಡಗ, ಒತ್ತೊತ್ತಾಗಿ ಇರ್ತಿದ್ದುವು. ಬ್ಯಾಸಗಿ ಸೂಟಿ ಬಿಡೂಕಿಂತ ಮೊದಲ ಬೇವಿನ ತಪ್ಪಲ ನೆರಳಾಗ ಒಣಗಿಸಿ, ಒಂದೊಂದು ರಜಿಸ್ಟರದ ಹಾಳಿ ನಡಕ ಅವರ ಕೈಲೆ ಇಡ್ತಿದ್ರು. ಊರಾಗ ಹುಡುಗರಿಂದ ಹಿಡದು ನಮ್ಮಜ್ಜನ ತನಕಾ ಎಲ್ಲಾರೂ ಅವರಿಗೆ ಮಾಸ್ತರ ಅಂತನ ಕರೀತಿದ್ರು.

ನನಗ ಅವರ ಮ್ಯಾಲ ಸಿಟ್ಟೈತಿ. ತೀರಿಕೊಂಡವರ ಮ್ಯಾಲ ಎಂಥಾ ಸಿಟ್ಟೋ ಮಾರಾಯಾ ಅಂತ ನನ್ನ ಹೇಣ್ತಿ ಬೈತಾಳ. ಏನ್ ಮಾಡ್ಲಿ, ಬರತೈತಿ. ಅವರ ಮ್ಯಾಲ ಇಷ್ಟು ಬಂದ್ರ ನನ್ನ ಮ್ಯಾಲ ಅದರ ಹತ್ತರಷ್ಟು ಬರತೈತಿ.

ಆ ಅಲಮಾರಿ ಮುಂದ ನಾ ಯಾಕ ನಿಂತಿದ್ದೆ ಅನ್ನೂದನ್ನ ಮೊದಲ ಹೇಳಿಬಿಡ್ತೇನಿ. ನನ್ನ ಮಗಳು ಹಡದಾಳ, ಹೆಣ್ಣುಕೂಸು. ಬಾಣಂತನಕ್ಕ ನಮ್ಮ ಮನ್ಯಾಗ ಅದಾಳ. ಒಂದಿನ ಮುಂಜಾನೆ ನಾ ಚಾ ಕುಡಕೊಂತ ಕುಂತಾಗ ಅಂದ್ಲು, "ಅಪ್ಪಾ, ಕೂಸಿಗೆ ನಿನ್ನ ಹಡದವ್ವನ ಹೆಸರು ಇಡೂಣು ಅಂತ ಮಾಡೇವಿ. ನಮ್ಮ ಅತ್ತಿಯವರೂ ಹೂಂ ಅಂದಾರ. ಅಕಿ ಹೆಸರೇನಿತ್ತು?"

ಚಾ ಬಸಿ ಬಾಯಿತನಕಾ ತಂದಾವ ಹಂಗ ಕುಂತೆ. ಅರವತ್ತು ದಾಟಿ ಮೂರು ವರ್ಷ ಆದುವು ನನಗ. ನನ್ನ ಹಡದಾಕಿ ಹೆಸರು ನನಗ ಗೊತ್ತಿಲ್ಲ. ಗೊತ್ತಿಲ್ಲ ಅನ್ನೂದು ಅಷ್ಟು ದಿನಾ ಗೊತ್ತಿದ್ದಿಲ್ಲೇನು? ಗೊತ್ತಿತ್ತು. ಆದ್ರ ಯಾರೂ ಕೇಳಿದ್ದಿಲ್ಲ, ಹಂಗಾಗಿ ಅದೊಂದು ಸುದ್ದಿನ ಆಗಿದ್ದಿಲ್ಲ. "ತಡಿ, ಹೇಳ್ತೇನಿ" ಅಂದೆ ಮಗಳಿಗೆ, ಬಾಯಾಗ ಐತಿ ಆದ್ರ ಬರವಲ್ದು ಅನ್ನೂವಂಗ. ತೊಟ್ಟಲದಾಗ ಹಾಕೂದಕ್ಕ ಇನ್ನ ಇಪ್ಪತ್ತು ದಿನಾ ಇತ್ತು.

ನಮ್ಮ ಕಡೆ ಸೊಸ್ತ್ಯಾರನ್ನ ತವರೂರಿನ ಹೆಸರಿಲೆ ಕರಿಯೂದು ರೂಢಿ. ನಮ್ಮ ಓಣ್ಯಾಗ ಒಬ್ಬಾಕಿ ಸಂಶಿಯಾಕಿ, ಒಬ್ಬಾಕಿ ಅಣ್ಣಿಗೇರಿಯಾಕಿ, ಆಚೆ ಮನ್ಯಾಗ ಕುಂದಗೋಳದಾಕಿ. ಗಂಡ ಹೇಣ್ತಿ ಹೆಸರು ಹೇಳಂಗಿಲ್ಲ, ಹೇಣ್ತಿ ಗಂಡನ ಹೆಸರು ಹೇಳಂಗಿಲ್ಲ. ಮಕ್ಕಳಾದ ಮ್ಯಾಲ 'ಇವನವ್ವ', 'ಇಕಿಯವ್ವ'. ಲಗ್ನದ ಅಕ್ಕಿಕಾಳು ಬಿದ್ದ ದಿನಾನ ಹೆಸರು ತವರುಮನ್ಯಾಗ ಬಿಟ್ಟು ಬಂದಂಗ. ನನ್ನ ಹಡದವ್ವ ಯರಗುಪ್ಪಿಯಾಕಿ. ನಾ ಎರಡು ವರ್ಷದಾವ ಇದ್ದಾಗ ಜ್ವರಾ ಬಂದು ಹೋದ್ಲಂತ. ಒಂದು ಫೋಟೊ ಇಲ್ಲ, ಒಂದು ಸೀರಿ ಇಲ್ಲ. ಆಮ್ಯಾಲ ಅಪ್ಪ ಎರಡನೇ ಲಗ್ನಾ ಮಾಡಕೊಂಡ, ಬಂದಾಕಿ ಕಲಘಟಗಿಯಾಕಿ. ಅಕಿನ ನನ್ನ ಅವ್ವ. ಮಲತಾಯಿ ಅನ್ನೂ ಶಬ್ದ ನಮ್ಮ ಮನ್ಯಾಗ ಯಾರ ಬಾಯಾಗೂ ಬಂದಿಲ್ಲ. ಅಕಿ ಮುಂದ ಮೊದಲಿನಾಕಿ ಸುದ್ದಿ ತಗದು ಅಕಿ ಮನಸಿಗೆ ಯಾಕ ಹಚ್ಚೂದು ಅಂತ ಅಪ್ಪನೂ ತಗೀಲಿಲ್ಲ, ನಾನೂ ತಗೀಲಿಲ್ಲ. ಅಪ್ಪನೂ ಹೋಗಿ ಬಾಳ ವರ್ಷ ಆತು.

ಅವ್ವ ಇನ್ನೂ ಗಟ್ಟಿಮುಟ್ಟಾಗಿ ಅದಾಳ, ಎಂಬತ್ತು ದಾಟ್ಯಾವು. ಮೊದಲ ಅಕಿನ್ನ ಕೇಳಿದೆ. ಅಕಿ ಕೊಳ್ಳಾಗ ತಾಳಿ ಬಾಜು ಒಂದು ಸಣ್ಣ ಬಂಗಾರದ ತಗಡಿತ್ತು. ಮೊದಲಿನ ಹೇಣ್ತಿ ಸತ್ತಿದ್ರ ಎರಡನೇದಾಕಿ ಅಕಿ ನೆನಪಿಗೆ ಹಾಕ್ಕೋಬೇಕು. ಅಪ್ಪ ಹೋದಾಗ ತಾಳಿ ತಗದ್ರೂ ಆ ತಗಡು ತಗೀಲಿಲ್ಲ ಅಕಿ. ಕರೀದಾರಕ್ಕ ಪೋಣಿಸಿಕೊಂಡ್ಲು. ಹಬ್ಬಕ್ಕ ಹೋಳಗಿ ಮಾಡಿದ್ರ "ಮೊದಲ ಅಕ್ಕಗ ಎಡಿ" ಅಂತ ಒಂದು ತುತ್ತು ಬಾಜೂಕ ಇಡ್ತಾಳ.

"ಹೆಸರು?" ಅಂತ ತಗಡು ಹಿಡಕೊಂಡ್ಲು ಅವ್ವ. "ನಾ ಅಕ್ಕ ಅಂತಿದ್ನೆಪಾ. ನಂಗ್ಯಾರು ಹೆಸರು ಹೇಳ್ಯಾರ? ನಿಮ್ಮಜ್ಜಿ 'ಯರಗುಪ್ಪಿಯಾಕಿ ಹಂಗ ರೊಟ್ಟಿ ಬಡೀತಿದ್ಲು, ಹಿಂಗ ಬಡೀತಿದ್ಲು' ಅಂತ ನನಗ ಚುಚ್ಚತಿದ್ಲು, ಅಷ್ಟ."

ಅರವತ್ತು ವರ್ಷ ಕೊಳ್ಳಾಗ ಕಟಗೊಂಡು ತಿರಗ್ಯಾಳ, ಅಕಿಗೂ ಗೊತ್ತಿಲ್ಲ. ಅವತ್ತಿಂದ ಸುರು ಆತು ನೋಡ್ರಿ ನನ್ನ ಓಡಾಟ.

ಗ್ರಾಮ ಪಂಚಾಯ್ತಿಗೆ ಹೋದೆ. "ಅಷ್ಟು ಹಳೇವು ನಮ್ಮ ಕಡೆ ಇಲ್ರಿ, ತಾಲೂಕಕ್ಕ ಹೋಗ್ರಿ." ತಾಲೂಕಿಗೆ ಹೋದೆ. "ಅರ್ಜಿ ಬರಕೊಂಡು ಬರ್ರಿ." ಬರಕೊಂಡು ಹೋದೆ. "ರೆಕಾರ್ಡ್ ರೂಮಿನಾವ ರಜಾ ಅದಾನ್ರಿ, ಸೋಮವಾರ ಬರ್ರಿ." ಸೋಮವಾರ ಹೋದ್ರ ಮಂಗಳವಾರ. ಮಂಗಳವಾರ ಹೋದ್ರ ಕರೆಂಟಿಲ್ಲ. ನಾ ಮೂವತ್ತೆರಡು ವರ್ಷ ಬಸ್ಸಿನ ಕಂಡಕ್ಟರ್ ಆಗಿ ದುಡದಾವ, ಮಂದೀನ್ನ ಕಾಯಿಸೂದು, ಮಂದಿ ಕಡೆ ಬೈಸಿಕೊಳ್ಳೂದು ನನಗೇನ್ ಹೊಸಾದಲ್ಲ. ಆದ್ರ ಆ ಬೆಂಚಿನ ಮ್ಯಾಲ ಕುಂತು ಕುಂತು ಮೈ ಉರದು ಹೋತು. ಕಡೀಕ ಒಬ್ಬ ಹುಡುಗ ಕ್ಲಾರ್ಕ, ಪಾಪ ಚಲೋ ಹುಡುಗ, ಹಳೇ ಸಾವಿನ ರಜಿಸ್ಟರ ಹುಡಿಕಿ ತಗದ. ಅಂಚು ಗೆದ್ದಲು ತಿಂದಿದ್ದುವು, ಆದ್ರ ನಮ್ಮೂರಿನ ಹಾಳಿ ಉಳದಿತ್ತು. ಹಾಳಿ ತಿರುವಿ ತಿರುವಿ ನಮ್ಮಪ್ಪನ ಹೆಸರು ಕಂಡಾಗ ಅಲ್ಲೇ ಬೆರಳು ಊರಿದೆ.

ಮೃತರ ಹೆಸರು ಅನ್ನೂ ಕಡೆ ನಮ್ಮಪ್ಪನ ಹೆಸರು ಬರದು, ಮುಂದ 'ಇವನ ಹೆಂಡತಿ' ಅಂತ ಬರದಿದ್ರು. ವಯಸ್ಸು ಸುಮಾರು ಇಪ್ಪತ್ತು. ಕಾರಣ ಜ್ವರ. ಅಷ್ಟ.

"ಇದೇನ್ರಿ ಇದು? ಸತ್ತಾಕಿ ಯಾರು, ಬರದದ್ದು ಯಾರದು?" ಅಂತ ನಾ ಒದರಿದೆ. ಹುಡುಗ ಬೆದರಿ, "ನನ್ನ ಮ್ಯಾಲ್ಯಾಕ ಸಿಟ್ಟಾಗ್ತೀರಿ ಕಾಕಾ, ನಾ ಆಗ ಹುಟ್ಟೇ ಇದ್ದಿಲ್ಲ" ಅಂದ. ಅದೂ ಖರೇನ. ನಮ್ಮ ಮನ್ಯಾಗ ಆಗಿದ್ದ ಎಮ್ಮಿ ಹೆಸರು ಗೌರಿ. ಅದರ ಕರಾ ಹೆಸರು ಚಂದ್ರಿ. ಇವತ್ತಿಗೂ ಅವ್ವ ಹೇಳ್ತಾಳ. ಎಮ್ಮಿ ಹೆಸರು ನೆನಪಿಟ್ಟ ಮನಿಗೆ ಸೊಸಿ ಹೆಸರು ಭಾರ ಆಗಿತ್ತೇನು?

ಜನಗಣತಿ ಕಾಗದಾ ನೋಡಾಕ ಸಿಗತಾವೇನಪಾ ಅಂತ ಅವನ್ನ ಕೇಳಿದೆ. ಅವ ನಕ್ಕ. "ಅವನ್ನ ಯಾರಿಗೂ ತೋರಸಂಗಿಲ್ರಿ ಕಾಕಾ. ಲೆಕ್ಕಾ ತಗೊಂಡ ಮ್ಯಾಲ ಕಾಗದಾ ಇಡೂದೂ ಇಲ್ಲ. ಎಷ್ಟು ಮಂದಿ ಅದಾರ ಅನ್ನೂದು ಬೇಕು ಸರಕಾರಕ್ಕ, ಯಾರ್ಯಾರು ಅನ್ನೂದಲ್ಲ."

ಮರುದಿನಾನ ಯರಗುಪ್ಪಿ ಬಸ್ ಹತ್ತಿದೆ. ಕಟ್ಟಿ ಮ್ಯಾಲ ಕುಂತಿದ್ದ ಮುದುಕರ ಮುಂದ ನಮ್ಮೂರ ಹೆಸರು, ಅಪ್ಪನ ಹೆಸರು, ಲಗ್ನಾದ ಕಾಲ ಎಲ್ಲಾ ಬಿಡಿಸಿ ಹೇಳಿದೆ. ಒಬ್ಬ ಮುತ್ಯಾ ಹಣಿ ತಿಕ್ಕಿಕೊಂಡು, "ಹಾಂ ಹಾಂ, ತಿಳೀತಲಾ! ನಿಮ್ಮೂರಿಗೆ ಕೊಟ್ಟಿದ್ವಲ್ಲಾ, ನವಲಗುಂದದಾಕಿ ಮಗಳು" ಅಂದ.

ನನ್ನ ಅಜ್ಜೀನ್ನ, ಅಂದ್ರ ನನ್ನ ಹಡದವ್ವನ ತಾಯೀನ್ನ, ಯರಗುಪ್ಪಿಯಿಂದ ನವಲಗುಂದಕ್ಕ ಕೊಟ್ಟಿದ್ರಂತ. ಗಂಡ ಸತ್ತ ಮ್ಯಾಲ ಸಣ್ಣ ಕೂಸು ಕರಕೊಂಡು ಅಣ್ಣನ ಮನಿಗೆ ತಿರಗಿ ಬಂದಾಳ. ಹುಟ್ಟಿ ಬೆಳದ ಊರಾಗ ಅಕಿ ನವಲಗುಂದದಾಕಿ ಆದ್ಲು, ಕೂಸು ನವಲಗುಂದದಾಕಿ ಮಗಳು ಆತು. "ಆ ಕೂಸಿನ ಹೆಸರೇನ್ರೀ ಮುತ್ಯಾ?" ಅಂದ್ರ, "ಅದನ ಹೇಳಿದ್ನೆಲ್ಲೋ ತಮ್ಮಾ, ನವಲಗುಂದದಾಕಿ ಮಗಳು." ಅಜ್ಜಿಯ ಆ ಅಣ್ಣನ ಮನಿಯವರು ದುಡಿಯಾಕ ಗೋವಾ ಕಡೆ ಹೋದವರು ತಿರಗಿ ಬಂದಿಲ್ಲ, ಎಲ್ಲಿ ಅದಾರೋ ಯಾರಿಗೂ ಪತ್ತೆ ಇಲ್ಲ. ನವಲಗುಂದಕ್ಕ ಹೋಗಿ ಕೇಳಿದ್ರ ಯರಗುಪ್ಪಿಯಾಕಿ ಮಗಳು ಅಂದಾರು! ಆಗ ನಾ ಹುಚ್ಚ ಆಗೂದೊಂದ ಬಾಕಿ. ಹೋಗಲಿಲ್ಲ.

ನಾ ಯಾರನ್ನ ಬೈಲಿ? ಸರ್ವೀಸಿನಾಗ ನಾನೂ ಹಂಗ ಇದ್ದೆ. ಟಿಕೀಟು ಹರಿಯೂ ಮುಂದ 'ಎಲ್ಲಿಗಿ?' ಅಂತ ಕೇಳಿದವನ ಹೊರತು 'ಯಾರು?' ಅಂತ ಕೇಳಿದಾವಲ್ಲ. ಮುಂಜಾನೆ ಗಾಡಿಗೆ ದಿನಾ ಹುಬ್ಬಳ್ಳಿಗೆ ಬೆಣ್ಣಿ ಒಯ್ಯೂ ಹೆಣ್ಣಮಗಳು ಹತ್ತು ವರ್ಷ ನನ್ನ ಬಸ್ಸಿನಾಗ ಬಂದಾಳ. ನನಗ ಅಕಿ ಬೆಣ್ಣಿಯಾಕಿ.

ಹಂಗಾಗಿ ಕಡೀಕ ಸಾಲಿಗೆ ಬಂದೆ. ನಾ ಸಾಲಿ ಸೇರಿದಾಗ ಬರದ ರಜಿಸ್ಟರದಾಗ ತಾಯಿ ಹೆಸರು ಇದ್ದಿರಬೇಕು ಅಂತ ಒಂದು ಆಶೆ. ಹೆಡ್ ಮೇಡಮ್ಮರು ಬೇವಿನ ಪುಡಿ ಝಾಡಿಸಿ ಹಾಳಿ ತಗದ್ರು. ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಜಾತಿ, ಹುಟ್ಟಿದ ದಿನ ಜೂನ್ ಒಂದು. ನನ್ನ ಮ್ಯಾಲಿನಾವನೂ ಜೂನ್ ಒಂದು, ಕೆಳಗಿನಾವನೂ ಜೂನ್ ಒಂದು. ಊರಿನ ಮಕ್ಕಳೆಲ್ಲಾ ಒಂದ ದಿನಾ ಹುಟ್ಟಿಬಿಟ್ಟಿದ್ವಿ. ಅದೂ ನಮ್ಮ ಮಾಸ್ತರ ಕೆಲಸಾನ. "ತಾಯಿ ಹೆಸರಿನ ಕಾಲಮ್ ಆವಾಗ ಇದ್ದೇ ಇಲ್ರಿ" ಅಂದ್ರು ಮೇಡಮ್ಮರು. ಆ ದುಂಡನ್ನ ಅಕ್ಷರ ನೋಡಿಕೊಂತ ನಿಂತಾಗ ಮಾಸ್ತರು ನೆನಪಾದ್ರು. ಹುಟ್ಟಿದ ತಾರೀಖು ಅಂದಾಜಿಲೆ ಗೀಚತಿದ್ದ ಆ ಮನುಷ್ಯಾ ಹೆಸರಿನ ವಿಷಯದಾಗ ಮಾತ್ರ ಹಟಮಾರಿ ಇದ್ರು…

ನಾ ಮೂರನೇತ್ತಿನೋ ನಾಕನೇತ್ತಿನೋ ಇದ್ದಾಗ ಜನಗಣತಿ ಬಂದಿತ್ತು. ನಮ್ಮ ಹಿರ್ಯಾರು ಅದಕ್ಕ ಖಾನೇಸುಮಾರಿ ಅಂತಿದ್ರು. ಆ ಕೆಲಸಾ ಸಾಲಿ ಮಾಸ್ತರ ತಲಿಗೇ ಬರ್ತಿತ್ತು. ಬಗಲಾಗ ಕಾಗದಾ ಹಿಡಕೊಂಡು ನಮ್ಮನಿ ಕಟ್ಟಿಗೆ ಬಂದು ಕುಂತ್ರು. ಅಜ್ಜಿ ಹೊರಗ ಜ್ವಾಳಾ ಹಸನ ಮಾಡತಿದ್ಲು.

"ಮನ್ಯಾಗ ಯಾರ್ಯಾರು ಅದೀರಿ ಅಮ್ಮಾ?"

"ನಾನು, ನಮ್ಮ ಹಿರ್ಯಾರು, ಮಗಾ, ಕಲಘಟಗಿಯಾಕಿ, ಈ ಹುಡುಗ."

"ಕಲಘಟಗಿಯಾಕಿ ಹೆಸರೇನ್ರಿ?"

"ಕಲಘಟಗಿಯಾಕಿ."

"ಅದು ಊರಿನ ಹೆಸರಾತ್ರಿ ಅಮ್ಮಾ. ಅಕಿ ಹೆಸರು ಹೇಳ್ರಿ."

"ನನ್ನ ಸೊಸಿ ಹೆಸರು ಕಟಗೊಂಡು ಸರಕಾರ ಏನ್ ಮಾಡತೈತೋ ಮಾಸ್ತರ?"

ಮಾಸ್ತರು ಸಿಟ್ಟಾಗಲಿಲ್ಲ. ಪೆನ್ನಿನ ಟೊಪಗಿ ಹಾಕಿದ್ರು, ಕುಡಿಯಾಕ ನೀರು ಕೇಳಿದ್ರು, ಗ್ವಾಡಿಗೆ ಆತಕೊಂಡು ಆರಾಮ ಕುಂತ್ರು. "ಅಕಿ ಬಾಯಿಲೆ ಅಕಿನ ಹೇಳಲಿ. ನಾ ಕುಂತಿರ್ತೇನಿ" ಅಂದ್ರು. ಅಜ್ಜಿ ಮೊರದಾಗಿನ ಜ್ವಾಳಾ ಎರಡು ಸಲ ಕೇರಿದ್ಲು, ಮಾಸ್ತರು ಏಳಲಿಲ್ಲ. ಕಡೀಕ ಬಾಗಲಾ ಹಿಂದಿಂದ ಅವ್ವನ ದನಿ ಬಂತು, ಸಣ್ಣಗ, "ಗಂಗವ್ವ ಅಂತ ಬರಕೋರಿ." ನನ್ನ ಅವ್ವನ ಹೆಸರು ಗಂಗವ್ವ ಅನ್ನೂದು ನನಗ ಗೊತ್ತಾದದ್ದು ಅವತ್ತ. ಒಳಗ ಹೋಗಿ ನೋಡಿದ್ರ ಅವ್ವ ಸೆರಗಿಲೆ ಬಾಯಿ ಮುಚ್ಚಿಕೊಂಡು ನಗಾಕ ಹತ್ತಿದ್ಲು. ಯಾರೋ ಅಕಿಗೆ ಏನೋ ಕೊಟ್ಟು ಹೋದಂಗ ಇತ್ತು ಮಾರಿ.

ಎದ್ದು ಹೋಗೂ ಮುಂದ ಮಾಸ್ತರು ನನ್ನ ತಲಿ ಮ್ಯಾಲ ಕೈ ಇಟ್ಟು, "ಇದ ಕಟ್ಟಿ ಮ್ಯಾಲ ನಾ ಹಿಂದೊಮ್ಮೆ ಎರಡು ದಿನಾ ಕುಂತಿದ್ನೆಪಾ, ನೀ ಹುಟ್ಟೂಕಿಂತ ಮೊದಲ…" ಅಂತ ಸುರು ಮಾಡಿದ್ರು. ಅಜ್ಜಿ ಗಡಬಡಿಸಿ, "ಆತು ಆತು, ಮುಂದಿನ ಮನಿಗೆ ಹೋಗಪಾ, ಹೊತ್ತಾತು" ಅಂತ ಕಳಿಸಿಬಿಟ್ಲು. ನನಗ ಅದು ಏನಂತ ತಿಳೀಲಿಲ್ಲ. ಕೇಳಬೇಕು ಅಂತನೂ ಅನಸಲಿಲ್ಲ.

ಇನ್ನ ಬಸ್ಸಿನ ಮಾತು. ಇದನ್ನ ನಾ ಹೇಣ್ತಿ ಮುಂದನೂ ಪೂರಾ ಹೇಳಿಲ್ಲ.

ಮಾಸ್ತರು ರಿಟಾಯರ್ ಆಗಿ ಒಂದೆರಡು ವರ್ಷ ಆಗಿತ್ತು. ಸಂಶಿ ಸಂತಿ ದಿನಾ. ನನ್ನ ಬಸ್ಸು ಒಳಗ ಕಾಲಿಡಾಕ ಜಾಗಾ ಇಲ್ಲದಂಗ ತುಂಬಿತ್ತು. ಬುಟ್ಟಿ, ಕೋಳಿ, ಉಳ್ಳಾಗಡ್ಡಿ ಚೀಲಾ, ಎಲ್ಲಾ ನನ್ನ ಮೈ ಮ್ಯಾಲ. ಮಾಸ್ತರು ಹಿಂದಿನ ಬಾಗಲಾ ಕಡೆ ಕಂಬಾ ಹಿಡಕೊಂಡು ನಿಂತಿದ್ರು, ಕೈಯಾಗ ಬಟ್ಟಿ ಚೀಲಾ. ಟಿಕೀಟು ಹರದು ಕೊಟ್ಟೆ. ಇಸಕೊಂಡು, ನನ್ನ ಮಾರಿ ನೋಡಿ, ಎಲ್ಲಾರಿಗೂ ಕೇಳೂವಂಗ ಅಂದ್ರು, "ತಮ್ಮಾ, ನಿನ್ನ ಹಡದವ್ವನ ಹೆಸರು ನಿನಗ ಗೊತ್ತೈತೇನಪಾ?"

ಬಾಜುಕಿದ್ದ ನಾಕು ಮಂದಿ ಹೊಳ್ಳಿ ನೋಡಿದ್ರು. ಒಬ್ಬಾವ ಕಿಸಕ್ಕಂತ ನಕ್ಕ. ನನ್ನ ಕಿವಿ ಕಾದುವು. ತುಂಬಿದ ಬಸ್ಸಿನಾಗ ಕಂಡಕ್ಟರಗ ಕೇಳೂ ಮಾತೇನ್ರೀ ಅದು?

"ಹಳೇ ವಹಿ ತಗದು ನೋಡತಿದ್ನೆಪಾ ಮೊನ್ನೆ" ಅಂದ್ರು ಮಾಸ್ತರು, ನನ್ನ ಮಾರಿ ಕೆಂಪಾದದ್ದು ಅವರಿಗೆ ತಿಳೀಲೇ ಇಲ್ಲ. "ಒಮ್ಮೆ ಮನಿಗೆ ಬಾ, ಹೇಳ್ತೇನಿ. ಅಕಿ ಮೊದಲನೇ ದಿನಾ ಹೇಳಲೇ ಇಲ್ಲ ನೋಡು. ಎರಡನೇ ದಿನಾ…"

"ಮಾಸ್ತರ, ಮುಂದ ಸರೀರಿ! ಇದೇನು ಸಾಲಿ ಅಲ್ಲ" ಅಂದೆ. ಅಂದು ಸೀಟಿ ಊದಿದೆ.

ಅವರು ಮುಂದ ಸರದ್ರು. ಮಂದಿ ನಡಕ ಅವರ ಕರೀ ಟೊಪಗಿ ಒಂದ ಕಾಣತಿತ್ತು. ಸಂಶಿ ಬಂದಾಗ ಮುಂದಿನ ಬಾಗಲಾದಿಂದ ಇಳದು ಹೋದ್ರು, ಹೊಳ್ಳಿ ನೋಡಲಿಲ್ಲ. ಆಮ್ಯಾಲ ಎಷ್ಟೋ ಸಲ ನನ್ನ ಬಸ್ಸು ಹತ್ಯಾರ. "ಒಂದು ಸಂಶಿ" ಅಂತ ಚಿಲ್ಲರ ಕೊಟ್ಟು ಸುಮ್ಮನ ನಿಂದರ್ತಿದ್ರು. ನಾನೂ ಸುಮ್ಮನ ಟಿಕೀಟು ಹರೀತಿದ್ದೆ. ತಪ್ಪಾತ್ರಿ ಮಾಸ್ತರ, ಅದೇನೋ ಹೇಳ್ತಿದ್ರೆಲ್ಲಾ ಹೇಳ್ರಿ ಅಂತ ಒಂದು ಮಾತು ಅನ್ನಾಕ ಎಷ್ಟೊತ್ತು ಬೇಕಾಗಿತ್ತು? ಅವರ ಮನಿ ಸಂಶಿ ಸ್ಟಾಪಿನಿಂದ ಕೂಗಳತಿ ದೂರ. ಗಾಡಿ ಅಲ್ಲಿ ಚಾ ಕುಡಿಯಾಕ ಹತ್ತು ಮಿನಿಟು ನಿಂದರ್ತಿತ್ತು. ಆಮ್ಯಾಲ ನನ್ನ ರೂಟು ನವಲಗುಂದದ ಕಡೆ ಆತು. ಮಾಸ್ತರು ತೀರಿಕೊಂಡ ಸುದ್ದೀನೂ ಬಸ್ಸಿನಾಗನ ಕೇಳಿದೆ. ಅವತ್ತು ಡ್ಯೂಟಿ ಇತ್ತು, ಹೋಗಾಕ ಆಗಲಿಲ್ಲ. ಆಗಲಿಲ್ಲ ಏನು, ಹೋಗಲಿಲ್ಲ…

ಸಾಲಿಯಿಂದ ಹೊರಗ ಬಂದಾವನ ಸೀದಾ ಸಂಶಿಗೆ ಹೋದೆ. ಮಾಸ್ತರ ಹೇಣ್ತಿ ಇನ್ನೂ ಅದಾರ. ಕಣ್ಣು ಮಂಜಾಗ್ಯಾವು, ನೆನಪು ಮಾತ್ರ ಗಟ್ಟಿ ಐತಿ. ಪಡಸಾಲ್ಯಾಗ ಮಂಚದ ಮ್ಯಾಲ ಕುಂತಿದ್ರು. ನಾ ಯಾರಂತ ಹೇಳಿದೆ.

"ಕಂಡಕ್ಟರಾ?" ಅಂದ್ರು. "ಬಾ ಬೇಟಾ, ಕುಂದರು. ಬಾಳ ತಡಾ ಮಾಡಿದಿ."

ನನಗ ಕುಂದರಾಕ ಆಗಲಿಲ್ಲ. ನಿಂತಕೊಂಡ ಕೇಳಿದೆ, ಮಾಸ್ತರು ಬರದಿಟ್ಟ ವಹಿಗಳು ಅದಾವೇನ್ರಿ ಅಮ್ಮಾ ಅಂತ. ಬಾಳಷ್ಟು ನೀರಿನ ಹಂಡೇದ ಒಲಿಗೆ ಹೋಗ್ಯಾವಂತ. ಒಂದು ಮಳಿಗಾಲದಾಗ ಕಟಗಿ ಹಸೀವಿದ್ದುವಂತ, ಸೊಸಿ ಹಚ್ಚಿಬಿಟ್ಟಾಳ. "ಆದ್ರ ನಿಮ್ಮೂರದೊಂದು ಉಳದೈತಿ. ಅ‌ದನ್ನ ಅವರು ಬಾಜೂಕ ತಗದು ತಮ್ಮ ಟ್ರಂಕಿನಾಗ ಇಟ್ಟಿದ್ರು. ಕಂಡಕ್ಟರ್ ಹುಡುಗ ಬರಾವ ಅದಾನ, ಬಂದ್ರ ಇದನ್ನ ತೋರಸಬೇಕು ಅಂತಿದ್ರು. ಜಡ್ಡಿಗೆ ಬಿದ್ದು ಮಲಕೊಂಡ ಮ್ಯಾಲೂ ಒಂದೆರಡು ಸಲ ಕೇಳಿದ್ರು, ಅವ ಬಂದಿದ್ನೇನು ಅಂತ."

ಮುಂದ ಸರೀರಿ ಅಂತ ಅಂದಾವ ನಾನು. ಅವತ್ತಿಂದ ಸಾಯೂತನಕಾ ಅವರು ಹನ್ನೆರಡು ವರ್ಷ ನನ್ನ ದಾರಿ ಕಾದಾರ.

"ಅಮ್ಮಾ, ನನ್ನ ಹಡದವ್ವನ ಹೆಸರು ನಿಮ್ಮ ಮುಂದ ಯಾವಾಗರ ಅಂದಿದ್ರೇನ್ರಿ?"

"ಅಂದಿರಬೇಕು ಬೇಟಾ. ನಾ ಕಿವಿಗೆ ಹಾಕ್ಕೊಂಡಿಲ್ಲ. ನನಗೇನು ಗೊತ್ತಿತ್ತು, ಅದನ್ನ ನಾ ಇಟಗೋಬೇಕಂತ?"

ಸೊಸಿ ಟ್ರಂಕು ತಗದು ವಹಿ ತಂದು ಕೊಟ್ಲು. ಕೆಂಪು ಬಟ್ಟಿ ಹೊದಿಕಿ, ನಡಕ ಬೇವಿನ ಎಲಿ. ನಾ ಹುಟ್ಟೂಕಿಂತ ಮುಂಚಿನ ಜನಗಣತಿಯಾಗ ಮಾಸ್ತರು ಕಚ್ಚಾ ಬರಕೊಂಡದ್ದು. ಆಗಿನ್ನೂ ಇಪ್ಪತ್ತು ಇಪ್ಪತ್ತೆರಡರ ಹುಡುಗ ಇರಬೇಕು ಅವರು. ಮನಿ ನಂಬರ ಹಾಕ್ಯಾರ, ಓಣಿ ನಕಾಶಿ ತಗದಾರ. ಅಣ್ಣಿಗೇರಿಯಾಕಿಗೆ ಒಂದು ಹೆಸರೈತಿ, ಕುಂದಗೋಳದಾಕಿಗೆ ಒಂದು ಹೆಸರೈತಿ. ಊರಿನ ಎಲ್ಲಾ ಹೆಣ್ಣಮಕ್ಕಳ ಹೆಸರೂ ಅದರಾಗ ಅದಾವು. ಬೆರಳು ಹಚ್ಚಿಕೊಂತ ನಮ್ಮ ಮನಿಗೆ ಬಂದೆ. ಅಜ್ಜನ ಹೆಸರು. ಅಜ್ಜಿ ಹೆಸರು. ಅಪ್ಪನ ಹೆಸರು. ಅದರ ಕೆಳಗ 'ಸೊಸೆ, ವಯಸ್ಸು ೧೭' ಅಂತ ಬರದು, ಹೆಸರು ಬರಿಯೂ ಜಾಗಾ ಖಾಲಿ ಬಿಟ್ಟಿದ್ರು. ಬಾಜೂಕ ಪೆನ್ಸಿಲಿಲೆ ಸಣ್ಣಗ ಒಂದು ಸಾಲು.

'ಹೆಸರು ಹೇಳಲಿಲ್ಲ. ನಕ್ಕು ಒಳಗೆ ಹೋದಳು. ನಾಳೆ ಮತ್ತೆ ಕೇಳಬೇಕು.'

ಎರಡನೇ ದಿನಾ… ಅಂತ ಅವರ ಬಾಯಾಗ ಅರ್ಧಕ್ಕ ನಿಂತ ಮಾತು ನನಗ ತಿಳದದ್ದು ಆವಾಗ. ಮರುದಿನ ಮತ್ತ ಹೋಗಿ ನಮ್ಮ ಕಟ್ಟಿ ಮ್ಯಾಲ ಕುಂತಾರ. ಅಕಿ ಹೇಳ್ಯಾಳ. ಅದನ್ನ ಸೀದಾ ಸರಕಾರದ ಹಾಳಿಗೆ ಬರದಾರ, ವಹಿಯಾಗ ತುಂಬೂದು ಬಿಟ್ಟಾರ. ಆ ಹಾಳಿ ಎಂದೋ ಹೋತು. ಉಳದದ್ದು ಅವರ ತಲಿಯಾಗ ಒಂದ. "ಬರದಿಡಾಕ ಏನಾಗಿತ್ರೀ ಮಾಸ್ತರ ನಿಮಗ? ಊರ ಮಂದೀದೆಲ್ಲಾ ಬರದಿರಿ, ಇದೊಂದ ಜಾಗಾ ಖಾಲಿ ಬಿಟ್ಟಿರಿ!" ಅಂತ ಬಾಯಿಬಿಟ್ಟ ಬೈದೆ, ಅವರ ಹೇಣ್ತಿ ಮುಂದನ. ಆ ಮುದುಕಿ ವಹಿ ಮುಚ್ಚಿ ನನ್ನ ಕೈಯಾಗ ಇಟ್ರು. ವಹಿ ಒಯ್ಯಿ, ನಿಂದ ಅದು ಅಂತ ಅಂದ್ರು.

ತೊಟ್ಟಲದ ಕಾರ್ಯ ನಿನ್ನೆ ಆತು. ಅವ್ವನ ತವರುಮನಿಯಿಂದ ಆಗಿನ ಕಾಲಕ್ಕ ಬಂದಿದ್ದ ಕಲಘಟಗಿ ಬಣ್ಣದ ತೊಟ್ಟಲ, ಆಮ್ಯಾಲ ಹುಟ್ಟಿದ ನನ್ನ ತಂಗೇರು ಆಡಿದ್ದು, ನನ್ನ ಮಗಳೂ ಆಡಿದ್ದು, ಅದನ್ನ ಒರಿಸಿ ಕಟ್ಟಿದ್ವಿ. ಮಗಳಿಗೆ ನಾ ಹಿಂದಿನ ದಿನಾನ ಹೇಳಿದ್ದೆ, ಸಿಗಲಿಲ್ಲವ್ವಾ ಅಂತ. ಅಕಿ ನನ್ನ ಕೈ ಹಿಡಕೊಂಡ್ಲು. ಅದಕ್ಕ ನನಗ ಇನ್ನೂ ಕೆಟ್ಟ ಅನಿಸ್ತು. ಕೂಸಿನ ಸೋದರತ್ತಿ ಬಗ್ಗಿ ಕಿವಿಯಾಗ ಕುರ್ರ್ ಅಂತ ಅಂದು, ಅವರವರ ಆರಿಸಿಟ್ಟ ಹೊಸಾ ನಮೂನಿ ಹೆಸರು ಹೇಳಿದ್ಲು. ಹೆಣ್ಣಮಕ್ಕಳು ಪದ್ಧತಿ ಪ್ರಕಾರ ಅಕಿ ಬೆನ್ನಿಗೆ ಗುದ್ದಿ ನಕ್ಕರು. ಎಲ್ಲಾ ಮುಗೀತು ಅನ್ನೂದರಾಗ ಅವ್ವ ಕುಂತಲ್ಲಿಂದ ನನ್ನ ಕರದ್ಲು.

"ಏ, ನೀನೂ ಒಂದು ಹೆಸರು ಹೇಳೋ ಕೂಸಿಗೆ. ಇನ್ನೊಂದು ಹೆಸರು ಇರಲಿ."

ಗಂಡಸರು ಹೇಳೂ ಪದ್ಧತಿ ಇಲ್ಲ. ಆದ್ರೂ ಬಗ್ಗಿದೆ. ಕೂಸಿನ ಕಿವಿ ಹತ್ತರ ಕುರ್ರ್ ಅಂದೆ. ಅಂದು ನಿಂತೆ. ಮುಂದ ಏನ್ ಅನ್ನೂದು? ಹೆಣ್ಣಮಕ್ಕಳು ನನ್ನ ಬೆನ್ನಿಗೆ ಗುದ್ದಾಕ ಕೈ ಎತ್ತಿದವರು ಹಂಗ ನಿಂತ್ರು, ಯಾರೂ ಗುದ್ದಲಿಲ್ಲ. ಮಗಳು ಅಳಾಕ ಹತ್ತಿದ್ಲು.

"ಅಕ್ಕ ಅನ್ನಲೇ" ಅಂದ್ಲು ಅವ್ವ, ಕೊಳ್ಳಾಗಿನ ತಗಡು ಹಿಡಕೊಂಡು. "ನಾ ಅರವತ್ತು ವರ್ಷ ಹಂಗ ಕರದೇನಿ. ಅಕಿ ಓಗೊಟ್ಟಾಳ."

ಅಕ್ಕ ಅಂದೆ. ಅವ್ವ ಬಂದು ನನ್ನ ಬೆನ್ನಿಗೆ ಮೆಲ್ಲಕ ಒಂದು ಗುದ್ದಿದ್ಲು.

ಇವತ್ತು ಮುಂಜಾನೆ ಮನಿ ಖಾಲಿ ಖಾಲಿ ಅನಸಾಕ ಹತ್ತೈತಿ. ಬೀಗರು ಹೋದ್ರು, ಕೂಸು ಮಲಗೈತಿ. ನಾ ಕಟ್ಟಿ ಮ್ಯಾಲ, ಅದ ಕಟ್ಟಿ ಮ್ಯಾಲ, ಮಾಸ್ತರ ವಹಿ ತೊಡಿಮ್ಯಾಲ ಇಟಗೊಂಡು ಕುಂತೇನಿ. ಅಕ್ಕ ಅನ್ನೂದು ಅಕಿ ಹೆಸರಲ್ಲ. ಅವ್ವನ ಸಮಾಧಾನಕ್ಕ ಅಂದೆ, ನನಗ ಸಮಾಧಾನ ಆಗಿಲ್ಲ. ನನ್ನ ಹಡದಾಕಿ ಬಗ್ಗೆ ಈ ಜಗತ್ತಿನ ಎಲ್ಲಾ ಕಾಗದದಾಗ ಉಳದದ್ದು ಇಷ್ಟ: ಒಬ್ಬ ಮಾಸ್ತರ ಹೆಸರು ಕೇಳಿದ್ರು, ಅಕಿ ನಕ್ಕು ಒಳಗ ಹೋದ್ಲು. ಹದಿನೇಳು ವರ್ಷದಾಕಿ, ಇದ ಬಾಗಲದಾಗ ನಕ್ಕಿದ್ಲು. ಆ ಪೆನ್ಸಿಲ್ ಸಾಲು ಓದಿ ಓದಿ ಮಸಕ ಆಗಾಕ ಹತ್ತೈತಿ, ಬೆರಳು ಹಚ್ಚಬಾರದು ಅಂತೇನಿ, ಆದ್ರೂ ಹಚ್ಚತೇನಿ. ನಡುವಿನ ಬೇವಿನ ಎಲಿ ಬದಲಿ ಮಾಡಿ ಹೊಸಾದು ಇಟ್ಟೇನಿ.

ಖಾಲಿ ಜಾಗಾ ಖಾಲಿನ ಐತಿ. ನಾಳೆ ಮತ್ತೆ ಕೇಳಬೇಕು ಅಂತ ಬರದ ಮಾಸ್ತರು ಮರುದಿನ ಬಿಸಲಾಗ ಸೈಕಲ್ ತುಳಕೊಂತ ಸಂಶಿಯಿಂದ ಇಲ್ಲಿತನಕಾ ಬಂದು ಕೇಳಿದ್ರು. ನಾ ಸಂಶಿ ಸ್ಟಾಪಿನಾಗ ಬಸ್ಸಿನಿಂದ ಇಳೀಲಿಲ್ಲ.